ಬಿಗಿಯದ ಬೋಲ್ಟಿನ ಮೇಲೆ ಬಿಳಿ ಗೆರೆ

ಭಾವ, ಅವತ್ತು ಸಿಂಹಾಚಲದ ಇಳಿಜಾರಿನಲ್ಲಿ ಸ್ಟೇರಿಂಗ್ ಕೈಕೊಟ್ಟಿದ್ದು ನಿಜ. ನೀವು ಹೇಳಿದ್ದೇ ನಿಜ. ನೀವು ಜೋರಾಗಿ ಓಡಿಸಲಿಲ್ಲ, ಗಾಬರಿಯಾಗಲಿಲ್ಲ, ನಿಮ್ಮ ಕೈ ತಪ್ಪಲಿಲ್ಲ. ನಾನು ಒಂದು ಬೋಲ್ಟನ್ನು ಬಿಗಿ ಮಾಡದೆ ಬಿಟ್ಟಿದ್ದೆ. ಬಿಗಿ ಮಾಡಿದ್ದೇನೆ ಎಂದು ನಿಮಗೆ ಹೇಳಿದ್ದೆ. ಆಮೇಲೆ ಅದು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟೆ. ಅಕ್ಕನ ಮೊಣಕೈ ಮುರಿದದ್ದು ನನ್ನಿಂದ.

ಇಷ್ಟು ಬರೆಯಲು ಹದಿನೆಂಟು ವರ್ಷ ಬೇಕಾಯಿತು. ಬರೆದು ನೋಡಿದರೆ ಏಳೆಂಟು ಸಾಲೂ ಇಲ್ಲ. ಇದನ್ನು ಅವತ್ತೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಬಹುದಿತ್ತಲ್ಲ — ಎಂದು ನನ್ನ ಮೇಲೆ ನನಗೇ ರೇಗುತ್ತದೆ. ರೇಗಿ ಪ್ರಯೋಜನವಿಲ್ಲ. ಈಗ ಹೇಳುತ್ತಿದ್ದೇನೆ. ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದನ್ನು ಸಹನಾಳೂ ಕೇಳಬೇಕು. ಅವಳಿಗೆ ಆಗ ಆರು ವರ್ಷ. ಅವತ್ತಿನ ತನ್ನ ಅಪ್ಪನ ಬಗ್ಗೆ ಅವಳಿಗೆ ಗೊತ್ತಿರುವುದೆಲ್ಲ ನಾನು ಹೇಳಿದ ಕಥೆಯೇ.

ಎರಡು ಸಾವಿರದ ಆರನೇ ಇಸವಿ. ನಾನು ವಿಶಾಖಪಟ್ಟಣದಲ್ಲಿ ನೌಕಾಪಡೆಯ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆ. ನೀವು ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರದ ಒಂದು ಸಣ್ಣ ಆಫೀಸಿನಿಂದ ಊರೂರಿನ ಆಸ್ಪತ್ರೆಗಳ ಎಕ್ಸ್‌ರೇ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದಿರಿ. ಮಂಡ್ಯ ಬಿಟ್ಟು ಬಂದ ನಮಗಿಬ್ಬರಿಗೂ ಆ ಇಡೀ ರಾಜ್ಯದಲ್ಲಿ ನೆಂಟರು ಅಂತ ಇದ್ದವರು ನಾವೇ. ಆ ವರ್ಷ ನೀವೊಂದು ಹಳೆಯ ಜಿಪ್ಸಿ ಜೀಪು ಕೊಂಡಿರಿ. ಅಲ್ಲಿಂದ ಶುರುವಾಯಿತು ನನ್ನ ತಲೆನೋವು.

"ಮಂಜು, ಟೈರ್ ತಂದೆ ಕಣೋ. ದೊಡ್ಡವು. ಹಾಕುದ್ರೆ ಮಡ್‌ಗಾರ್ಡಿಗೆ ತಾಗ್ತಾವೆ."

"ಅಳತೆ ನೋಡ್ಕೊಂಡು ತರೋದಲ್ವಾ ಭಾವ?"

"ಟೈರಿನ ಅಳತೆ ಸರಿಯಾಗೇ ಐತೆ. ಗಾಡಿ ಕುಳ್ಳ."

ಇದು ನಿಮ್ಮ ರೀತಿ. ಟೈರು ತಂದಾಗಿದೆ, ಆದ್ದರಿಂದ ಗಾಡಿಯನ್ನೇ ಎತ್ತರ ಮಾಡಬೇಕು. ಸ್ಪ್ರಿಂಗ್ ಪಟ್ಟಿ ಬದಲಿಸುವುದು ದೊಡ್ಡ ಕೆಲಸ ಎಂದು ಯಾರೋ ಹೇಳಿದರಂತೆ. ಅದರ ಬದಲು ಚಾಸಿಯನ್ನು, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟನ್ನು, ಹಾಗೇ ಬಿಟ್ಟು ಮೇಲಿನ ಬಾಡಿಯನ್ನಷ್ಟೇ ಎತ್ತಿ, ಎರಡರ ನಡುವೆ ಪ್ರತಿ ಬೋಲ್ಟಿನ ಜಾಗದಲ್ಲೂ ಒಂದೊಂದು ನೈಲಾನ್ ಬಿಲ್ಲೆ ಇಟ್ಟು, ಉದ್ದನೆಯ ಬೋಲ್ಟು ಹಾಕಿ ಬಿಗಿದರೆ ಆಯಿತು. ಅದಕ್ಕೆ ಬಾಡಿ ಲಿಫ್ಟ್ ಎನ್ನುತ್ತಾರೆ. ಕೇಳಲು ಸಲೀಸು. ದಿನಕ್ಕೆರಡು ಸಲ ಫೋನು ಮಾಡಿ ನೀವು ಅದನ್ನು ಇನ್ನೂ ಸಲೀಸು ಮಾಡುತ್ತಿದ್ದಿರಿ. ಎರಡಿಂಚು ಸಾಕು ಅಂದಿರಿ. ಮರುದಿನ ಮೂರು ಅಂದಿರಿ. ಅಕ್ಕ ಹತ್ತಲು ಕಷ್ಟ ಎಂದಳೆಂದು ಮತ್ತೆ ಎರಡಕ್ಕೆ ಇಳಿದಿರಿ. ವಿಜಯವಾಡದ ಒನ್ ಟೌನಿನ ಗಲ್ಲಿಗಳಲ್ಲಿ ಅಲೆದು ನೈಲಾನ್ ರಾಡು ತಂದು, ಮನೆಯ ಬಾಲ್ಕನಿಯಲ್ಲಿ ಗರಗಸ ಹಿಡಿದು ಕೂತು ನೀವೇ ಬಿಲ್ಲೆ ಕೊಯ್ದಿರಿ.

ದಸರಾ ರಜೆಗೆ ಮೂವರೂ ವಿಶಾಖಪಟ್ಟಣಕ್ಕೆ ಬಂದು ಅವನ್ನು ನನ್ನ ಮುಂದೆ ಹರಡಿದಾಗ ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಂದಕ್ಕೊಂದು ಸಮವಿಲ್ಲ. ಒಂದು ಓರೆ, ಇನ್ನೊಂದು ದಪ್ಪ, ಮತ್ತೊಂದು ವಾಲಿದ ಕಾವಲಿಯ ಮೇಲೆ ಹೊಯ್ದ ದೋಸೆಯಂತೆ ಒಂದು ಕಡೆ ತೆಳ್ಳಗೆ. ಒಂದೊಂದನ್ನೂ ತೆಲುಗು ಪೇಪರಿನಲ್ಲಿ ಸುತ್ತಿ, ಮೇಲೆ ಸಹನಾಳ ಸ್ಕೆಚ್ ಪೆನ್ನಿನಲ್ಲಿ 'ಮುಂದೆ ಎಡ', 'ಹಿಂದೆ ಬಲ' ಎಂದು ಬರೆದಿದ್ದಿರಿ. ಬರವಣಿಗೆ ಮಾತ್ರ ಅಚ್ಚುಕಟ್ಟು. ಅಷ್ಟನ್ನೂ ಪರಿಚಯದ ಒಂದು ಲೇತ್ ಅಂಗಡಿಗೆ ಒಯ್ದು ಸಮ ಮಾಡಿಸಿಕೊಂಡು ಬಂದೆ. ನಿಮಗೆ ಅದರಲ್ಲೂ ಅನುಮಾನ. "ಸಮ ಮಾಡೋಕೋಗಿ ಎರಡಿಂಚಿಗೆ ಕಮ್ಮಿ ಮಾಡ್ಬಿಟ್ನೇನೋ ಆಸಾಮಿ?"

ನಮ್ಮ ಕ್ವಾರ್ಟರ್ಸಿನ ಹಿಂದೆ, ಬಾದಾಮಿ ಮರದ ಕೆಳಗೆ ಕೆಲಸ ಶುರುವಾಯಿತು. ಸಮುದ್ರದ ಕಡೆಯಿಂದ ಗಾಳಿ ಇಲ್ಲ, ಮೈತುಂಬ ಬೆವರು. ಒಂದು ಬದಿಯ ಬೋಲ್ಟು ಸಡಿಲಿಸಿ, ಜಾಕಿನ ಮೇಲೆ ಮರದ ದಿಮ್ಮಿ ಇಟ್ಟು ಬಾಡಿಯನ್ನು ಎತ್ತಿ, ಬಿಲ್ಲೆ ತೂರಿಸುವುದು. ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಎರಡು ಮುರಿದೇ ಹೋದವು. ಬಾಡಿ ಎದ್ದಿತು ಅನ್ನುವಷ್ಟರಲ್ಲಿ ಉಳಿದ ಎಲ್ಲವೂ ತಕರಾರು ತೆಗೆದವು. ರೇಡಿಯೇಟರ್ ಮೇಲೆ ಹೋಯಿತು, ಫ್ಯಾನು ಕೆಳಗೇ ಉಳಿದು ಅದರ ಚಿಪ್ಪಿಗೆ ತಾಗಿತು. ಹ್ಯಾಂಡ್‌ಬ್ರೇಕಿನ ವೈರು ಗಿಡ್ಡವಾಯಿತು. ಪೆಟ್ರೋಲ್ ತುಂಬುವ ರಬ್ಬರ್ ಪೈಪು ಬಿಗಿದುಕೊಂಡಿತು. ಗೇರ್ ಹಿಡಿ ನೆಲದೊಳಗೆ ಇಳಿದಂತೆ ಕಂಡಿತು. ಒಂದನ್ನು ಸರಿಮಾಡಿ ತಲೆ ಎತ್ತಿದರೆ ನೀವು ಇನ್ನೊಂದನ್ನು ಬೆರಳು ಮಾಡಿ ತೋರಿಸುತ್ತಿದ್ದಿರಿ, ಅದನ್ನು ನಾನೇ ಮಾಡಿಟ್ಟೆನೇನೋ ಎಂಬಂತೆ.

ಸ್ಟೇರಿಂಗ್ ವಿಷಯ ಎಲ್ಲಕ್ಕಿಂತ ಮುಖ್ಯ. ಸಹನಾ, ಇದನ್ನು ಗಮನವಿಟ್ಟು ಕೇಳು. ಸ್ಟೇರಿಂಗ್ ಚಕ್ರ ಇರುವುದು ಬಾಡಿಯಲ್ಲಿ. ಅದು ತಿರುಗಿಸುವ ಗೇರ್ ಪೆಟ್ಟಿಗೆ ಇರುವುದು ಕೆಳಗೆ ಚಾಸಿಯ ಮೇಲೆ. ನಡುವೆ ಒಂದು ಕಬ್ಬಿಣದ ಸರಳು. ಬಾಡಿ ಎರಡಿಂಚು ಮೇಲೆ ಹೋದರೆ ಆ ಸರಳನ್ನೂ ಅಷ್ಟು ಹೊರಗೆಳೆದು ಜೋಡಿಸಬೇಕು. ಮೊದಲು ಆಳಕ್ಕೆ ಕೂತಿದ್ದ ಹಲ್ಲುಗಳು ಈಗ ತುದಿಯಲ್ಲಷ್ಟೇ ಕಚ್ಚಿಕೊಂಡಿರುತ್ತವೆ. ಅದನ್ನು ಹಿಡಿದಿಡುವುದು ಒಂದೇ ಒಂದು ಬೋಲ್ಟು. ಕಿರುಬೆರಳಿಗಿಂತ ತುಸು ದಪ್ಪ.

ಹಡಗಿನಲ್ಲಿ ನಮಗೊಂದು ಅಭ್ಯಾಸ ಮಾಡಿಸಿದ್ದರು. ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟು ಬಿಗಿದ ಮೇಲೆ, ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಬಿಳಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯುವುದು. ಮುಂದೆ ಯಾರೇ ನೋಡಲಿ, ಗೆರೆ ಇದ್ದರೆ ಬಿಗಿಯಾಗಿದೆ. ಗೆರೆ ಮುರಿದಿದ್ದರೆ ಬೋಲ್ಟು ಅಲ್ಲಾಡಿದೆ. ಬಿಗಿದವನೇ ಎಳೆಯಬೇಕು, ಬಿಗಿದ ಮೇಲೆಯೇ ಎಳೆಯಬೇಕು. ಇದರಲ್ಲಿ ಎರಡನೆಯ ಮಾತಿಲ್ಲ. ನಿಮಗಂತೂ ಇದು ಬಹಳ ಹಿಡಿಸಿತು. ನಾನು ಒಂದೊಂದು ಬೋಲ್ಟು ಬಿಗಿದಂತೆ ನೀವು ಬಣ್ಣದ ಡಬ್ಬಿ ಹಿಡಿದುಕೊಂಡು ಹಿಂದೆಯೇ ತೆವಳುತ್ತಿದ್ದಿರಿ. "ಗೆರೆ ಹಾಕೋ, ಗೆರೆ ಹಾಕೋ" ಎಂದು ಪೂಜಾರಿಗೆ ಕುಂಕುಮ ನೆನಪಿಸುವವರ ಹಾಗೆ.

ಮೂರನೆಯ ದಿನ ಸಂಜೆ. ಬೆಳಕು ಕಮ್ಮಿಯಾಗುತ್ತಿತ್ತು. ಎಲ್ಲ ಬೋಲ್ಟುಗಳೂ ಆಗಿ ಸ್ಟೇರಿಂಗಿನದೊಂದು ಉಳಿದಿತ್ತು. ಅದನ್ನು ಕೈಬೆರಳಿನಲ್ಲಿ ತಿರುಗಿಸಿ ಹಾಗೇ ಬಿಟ್ಟಿದ್ದೆ — ಬೇಕೆಂದೇ. ಗಾಡಿಯನ್ನು ಸ್ವಲ್ಪ ಮುಂದೆ ಹಿಂದೆ ಓಡಿಸಿ, ಸ್ಟೇರಿಂಗ್ ಚಕ್ರ ನೇರವಾಗಿದೆಯೇ ನೋಡಿ, ಆಮೇಲೆ ಬಿಗಿಯುವುದೇ ಸರಿಯಾದ ಕ್ರಮ. ಆ ಮೂಲೆಯಲ್ಲಿ ಸ್ಪ್ಯಾನರ್ ಕಾಲು ಸುತ್ತೂ ತಿರುಗುತ್ತಿರಲಿಲ್ಲ, ಬೆರಳ ಗೆಣ್ಣೆಲ್ಲ ಕಿತ್ತುಹೋಗಿತ್ತು. ನಾಳೆ ಬೆಳಗ್ಗೆ ಮಾಡಿದರಾಯಿತು ಎಂದುಕೊಂಡೆ. ಇಲ್ಲಿಯವರೆಗೆ ನನ್ನ ತಪ್ಪೇನೂ ಇಲ್ಲ.

ಆದರೆ ಬಣ್ಣದ ಡಬ್ಬಿ ಮುಚ್ಚುವ ಮೊದಲು ಆ ಬೋಲ್ಟಿಗೂ ಗೆರೆ ಎಳೆದೆ.

ಏಕೆ ಎಂದು ಕೇಳಿದರೆ ಈಗಲೂ ನೆಟ್ಟಗೆ ಉತ್ತರ ಬರುವುದಿಲ್ಲ. ಬಣ್ಣ ಗಟ್ಟಿಯಾಗುತ್ತಿತ್ತು, ಅದು ಒಂದು. ನೀವು ಟಾರ್ಚ್ ಹಿಡಿದುಕೊಂಡು ತಲೆಯ ಹತ್ತಿರವೇ ಕೂತಿದ್ದಿರಿ, "ಇನ್ನೊಂದು ಉಳ್ಕೊಂಡೈತೆ ನೋಡು" ಎನ್ನುತ್ತಿದ್ದಿರಿ, ನನಗೆ ಕಿರಿಕಿರಿ ನೆತ್ತಿಗೇರಿತ್ತು — ಅದು ಇನ್ನೊಂದು. ಗೆರೆ ಕಂಡರೆ ಈ ಮನುಷ್ಯ ಸುಮ್ಮನಾಗುತ್ತಾನೆ ಎಂದು ಎಳೆದೆ. ಮನಸ್ಸಿನಲ್ಲಿ ಹಾಗೇ ಅಂದುಕೊಂಡೆ, ಏಕವಚನದಲ್ಲಿ.

ಊಟಕ್ಕೆ ಕೂತಾಗ ನೀವು ಹೇಳಿದಿರಿ, ಬೆಳಗ್ಗೆ ಬೇಗ ಸಿಂಹಾಚಲಕ್ಕೆ ಹೋಗಿ ಗಾಡಿಗೆ ಪೂಜೆ ಮಾಡಿಸಿಕೊಂಡು ಬರುತ್ತೇವೆ, ಅಕ್ಕನೂ ಸಹನಾಳೂ ಬರುತ್ತಾರೆ ಎಂದು. ಮಧ್ಯಾಹ್ನದ ಮೇಲೆ ವಿಜಯವಾಡಕ್ಕೆ ಹೊರಡಬೇಕು. ಆಗ ನೀವು ಕೇಳಿದಿರಿ. ಅದೂ ಮೂರನೆಯ ಸಲ.

"ಮಂಜು, ಆ ಸ್ಟೇರಿಂಗ್ ಹತ್ರದ್ದು ಬಿಗಿ ಮಾಡಿದ್ಯಾ?"

"ಗೆರೆ ಹಾಕಿಲ್ವಾ ಭಾವ? ಗೆರೆ ಐತೆ ಅಂದ್ರೆ ಆಗೈತೆ ಅಂತ."

ಆಗಿಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಮರೆತಿರಲಿಲ್ಲ. ಈ ಮಾತನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ದಂಡ. 'ಇಲ್ಲ ಭಾವ, ಅದೊಂದು ಬೆಳಗ್ಗೆ ಮಾಡ್ತೀನಿ' ಎನ್ನಲು ಏನು ಅಡ್ಡಿ? ಬಿಗಿಯದೆ ಗೆರೆ ಎಳೆದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮೂರು ದಿನ ನಿಮಗೆ ಪಾಠ ಹೇಳಿದ ಬಾಯಿ ಅದು. ಬಿಲ್ಲೆ ಓರೆ ಕೊಯ್ದಿರಿ ಎಂದು ನಗಾಡಿದ ಬಾಯಿ. ಅದರಿಂದ ಅಷ್ಟು ಸಣ್ಣ ಮಾತು ಹೊರಡಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಸದ್ದಿಲ್ಲದೆ ಬಿಗಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿ ಮಲಗಿದೆ.

ಬೆಳಗ್ಗೆ ನಾಲ್ಕೂವರೆಗೆ ಹಡಗಿನಿಂದ ಕರೆ ಬಂತು, ಪಂಪು ಕೆಟ್ಟಿದೆ ತಕ್ಷಣ ಬಾ ಎಂದು. ಓಡಿದೆ. ದಾರಿಯಲ್ಲಿ ನೆನಪಾಯಿತು. ಡಾಕ್‌ಯಾರ್ಡ್ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋಗಬೇಕು, ನಿಮಗೆ ಗೊತ್ತಲ್ಲ. ಕೌಂಟರಿನ ಮುಂದೆ ಫೋನು ಕೈಯಲ್ಲಿ ಹಿಡಿದು ನಿಂತಿದ್ದೆ. ಒಂದು ನಿಮಿಷದ ಮಾತು. 'ಭಾವ, ಗಾಡಿ ತೆಗೀಬೇಡಿ.' ಮಲಗಿರುತ್ತಾರೆ, ಎಬ್ಬಿಸುವುದೇಕೆ — ಎಂದು ನನಗೆ ನಾನೇ ಹೇಳಿಕೊಂಡೆ. ಹಲ್ಲು ಕಚ್ಚಿಕೊಂಡಿದೆ, ಒಂದು ದಿನಕ್ಕೆ ಏನೂ ಆಗುವುದಿಲ್ಲ, ಬಂದು ಬಿಗಿಯುತ್ತೇನೆ ಎಂದೂ ಹೇಳಿಕೊಂಡೆ. ಫೋನು ಕೊಟ್ಟು ಟೋಕನ್ ಇಸಿದುಕೊಂಡೆ.

ನೀವು ಮಾತ್ರ ಹೊರಡುವ ಮೊದಲು ಟಾರ್ಚ್ ಹಿಡಿದು ಗಾಡಿಯ ಕೆಳಗೆ ನುಗ್ಗಿ ಪ್ರತಿ ಬೋಲ್ಟನ್ನೂ ನೋಡಿದಿರಂತೆ. ಎಲ್ಲದರ ಮೇಲೂ ಗೆರೆ ಇದೆಯೇ ಎಂದು ಎಣಿಸಿದಿರಂತೆ. ಅಂಗಿಯೆಲ್ಲ ಮಣ್ಣು ಮಾಡಿಕೊಂಡಿರೆಂದು ಅಕ್ಕ ಬೈದಳಂತೆ. ಇದನ್ನು ಎಷ್ಟೋ ತಿಂಗಳ ಮೇಲೆ ಅಕ್ಕನೇ ಹೇಳಿದಳು, ನಿಮ್ಮ ಹುಚ್ಚಿನ ಉದಾಹರಣೆಯಾಗಿ. ನಾನು ಅವಳ ಜೊತೆ ನಕ್ಕೆ.

ಮಧ್ಯಾಹ್ನ ಗೇಟಿನಿಂದ ಹೊರಬಂದು ಫೋನು ತೆಗೆದಾಗ ನಿಮ್ಮ ಕರೆ ಬಂತು. ಆಸ್ಪತ್ರೆಯಿಂದ. ಪೂಜೆ ಮುಗಿಸಿ ಬೆಟ್ಟ ಇಳಿಯುವಾಗ ಗಾಡಿ ಎಡಕ್ಕೆ, ಬೆಟ್ಟದ ಬದಿಯ ಚರಂಡಿಗೆ ನುಗ್ಗಿ ಬಂಡೆಗೆ ಒರಗಿತ್ತು. ಸಹನಾಳಿಗೆ ಏನೂ ಆಗಿಲ್ಲ, ನಿಮಗೆ ಹಣೆಯ ಮೇಲೊಂದು ಗಾಯ, ಅಕ್ಕನ ಎಡಮೊಣಕೈ ಬಾಗಿಲಿಗೂ ಬಂಡೆಗೂ ನಡುವೆ ಸಿಕ್ಕಿ ಪುಡಿಯಾಗಿತ್ತು. ಬಲಕ್ಕೆ ಹೋಗಿದ್ದರೆ ಕಣಿವೆ.

"ಸ್ಟೇರಿಂಗ್ ತಿರುಗಿಸ್ದೆ ಕಣೋ ಮಂಜು. ಚಕ್ರ ತಿರುಗ್ತು, ಗಾಡಿ ತಿರುಗ್ಲಿಲ್ಲ. ನಿಂಗೆ ಗೊತ್ತಾಗುತ್ತೆ, ಒಸಿ ಹೋಗಿ ನೋಡು."

ನೀವೇ ನನ್ನನ್ನು ಕಳಿಸಿದಿರಿ. ನಾನು ಅಕ್ಕನನ್ನು ನೋಡುವ ಮೊದಲು ಬೋಲ್ಟನ್ನು ನೋಡಲು ಹೋದೆ.

ತೆಂಗಿನಕಾಯಿ ಮಾರುವ ಒಬ್ಬ ಮುದುಕಿ ಗಾಡಿಯ ಹತ್ತಿರ ಕಾವಲು ನಿಂತಿದ್ದಳು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಅರಿಶಿನದ ಬೊಟ್ಟು. "ಅಪ್ಪನ್ನ ಸಾಮೇ ಕಾಪಾಡೇಡು ಬಾಬೂ" ಎಂದಳು, ಸ್ವಾಮಿಯೇ ಕಾಪಾಡಿದ ಎಂದು. ಹೂಂ ಎಂದು ಅವಳನ್ನು ಕಳಿಸಿಬಿಟ್ಟೆ. ಕೆಳಗೆ ತೆವಳಿದೆ. ಸರಳು ಕಳಚಿ ಜೋತಾಡುತ್ತಿತ್ತು. ನಟ್ಟು ಎಲ್ಲೋ ಬಿದ್ದುಹೋಗಿತ್ತು, ಬೋಲ್ಟು ತೂತಿನಲ್ಲೇ ಸಿಕ್ಕಿಕೊಂಡಿತ್ತು, ಅದರ ತಲೆಯ ಮೇಲೆ ಅರ್ಧ ಗೆರೆ. ಸರಳನ್ನು ಮತ್ತೆ ತೂರಿಸಿದೆ. ಟೂಲ್ ಪೆಟ್ಟಿಗೆಯಲ್ಲಿದ್ದ ಬೇರೆ ನಟ್ಟು ಹಾಕಿ ಬಿಗಿದೆ. ಗಾಡಿ ಒಂದು ಬದಿಗೆ ವಾಲಿ ನಿಂತಿದ್ದರಿಂದ ಬಲಗಡೆ ಪೂರ್ತಿ ಜಾಗ ಸಿಕ್ಕಿತ್ತು; ಹಿಂದಿನ ಸಂಜೆ ಕಾಲು ಸುತ್ತೂ ತಿರುಗದಿದ್ದ ಸ್ಪ್ಯಾನರ್ ಸಲೀಸಾಗಿ ತಿರುಗಿತು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನೆನಪಾದರೆ ಇವತ್ತಿಗೂ ಗೋಡೆಗೆ ಕೈ ಗುದ್ದಬೇಕೆನಿಸುತ್ತದೆ.

ಆಮೇಲೆ ಆಸ್ಪತ್ರೆಗೆ ಬಂದೆ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಕ್ಕ ಕೇಳಿದಳು, "ಏನಾಗಿತ್ತೋ ಗಾಡಿಗೆ?"

"ಸ್ಟೇರಿಂಗ್ ಸರಿಯಾಗೇ ಐತೆ ಅಕ್ಕ. ನಾನೇ ನೋಡ್ಕೊಂಡು ಬಂದೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಎತ್ತರ ಮಾಡಿರೋ ಗಾಡಿ. ತಿರುವಲ್ಲಿ ನಿಧಾನಕ್ಕೆ ಹೋಗ್ಬೇಕಿತ್ತು."

ನೀವು ಪಕ್ಕದಲ್ಲೇ ನಿಂತಿದ್ದಿರಿ. "ನಿಧಾನಕ್ಕೇ ಇದ್ದೆ ಕಣೋ, ತಿರುಗ್ಲಿಲ್ಲ ಅದು" ಎಂದಿರಿ. "ಗಾಬರೀಲಿ ಹಂಗನ್ಸುತ್ತೆ ಭಾವ" ಎಂದೆ. ನೀವು ನನ್ನ ಮುಖ ನೋಡಿದಿರಿ. ಅನುಮಾನದಿಂದಲ್ಲ — ಹೌದೇನೋ, ಇವನಿಗೆ ಗೊತ್ತಿರುತ್ತದೆ, ಎನ್ನುವ ಹಾಗೆ. ಆ ನೋಟಕ್ಕಿಂತ ನೀವು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಮುಂದಿನದು ನನಗಿಂತ ನಿಮಗೇ ಹೆಚ್ಚು ಗೊತ್ತು. ಅಕ್ಕ ನಿಮ್ಮ ಪಕ್ಕದ ಸೀಟಿನಲ್ಲಿ ಮತ್ತೆ ಕೂರಲಿಲ್ಲ. ಜಿಪ್ಸಿ ಮಾರಿದಿರಿ. ಮೊದಮೊದಲು 'ಸ್ಟೇರಿಂಗ್ ತಿರುಗಲಿಲ್ಲ' ಎನ್ನುತ್ತಿದ್ದವರು ಆಮೇಲೆ 'ತಿರುಗಲಿಲ್ಲ ಅನ್ನಿಸ್ತು' ಎಂದಿರಿ. ಒಂದೆರಡು ವರ್ಷಕ್ಕೆ ಅದನ್ನೂ ಬಿಟ್ಟಿರಿ. ಆಸ್ಪತ್ರೆಗಳ ಕೆಲಸಕ್ಕೆ ಬಸ್ಸಿನಲ್ಲಿ, ಆಟೋದಲ್ಲಿ ಯಂತ್ರದ ಬಿಡಿಭಾಗ ಹೊತ್ತುಕೊಂಡು ತಿರುಗಿದಿರಿ. ಅಕ್ಕನ ಎಡಗೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ, ತಲೆಯವರೆಗೆ ಹೋಗುವುದಿಲ್ಲ. ಸಹನಾಳಿಗೆ ಸ್ಕೂಲಿಗೆ ಎರಡು ಜಡೆ ಹಾಕಲು ನೀವು ಕಲಿತಿರಿ, ಅಕ್ಕನಿಗೂ ನೀವೇ ಹಾಕಿದಿರಿ, ಈಗಲೂ ಹಾಕುತ್ತೀರಿ. ಯಾರಾದರೂ ಹೊಗಳಿದರೆ ಅಕ್ಕ ನಗುತ್ತಾ, "ಮುರಿದೋರೇ ಕಟ್ಬೇಕಲ್ಲ" ಎನ್ನುತ್ತಾಳೆ. ತಮಾಷೆಗೇ ಎನ್ನುತ್ತಾಳೆ. ಮುರಿದವನು ಎಷ್ಟೋ ಸಲ ಅಲ್ಲೇ ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

ಒಂದು ಸಲ ನೀವು ನನ್ನನ್ನೇ ಕ್ಷಮೆ ಕೇಳಿದಿರಿ. ಸಹನಾಳ ಹುಟ್ಟುಹಬ್ಬ, ಇಬ್ಬರೇ ಮಹಡಿಯ ಮೇಲೆ ನಿಂತಿದ್ದೆವು. "ಮೂರು ದಿನ ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ. ಒಂದೇ ಬೆಳಗ್ಗೆಲಿ ನಾನು ಹಾಳು ಮಾಡ್ಬಿಟ್ಟೆ ಕಣೋ" ಎಂದಿರಿ. ಆಗಲಾದರೂ... ಇಲ್ಲ. "ಪರವಾಗಿಲ್ಲ ಭಾವ" ಎಂದೆ. ನಿಮ್ಮನ್ನು ಕ್ಷಮಿಸಿದೆ.

ಹೋದ ತಿಂಗಳು ಸಹನಾ ಕಾರು ಕೊಂಡಳು. ಷೋರೂಮಿನಿಂದ ತಂದು ಬೆಂಜ್ ಸರ್ಕಲ್ಲಿನ ಆ ಗದ್ದಲದಲ್ಲಿ ಎಲ್ಲರೂ ಇಳಿದು ಹಣ್ಣಿನ ರಸ ಕುಡಿದೆವು. ಕಾರನ್ನು ಹತ್ತು ಅಡಿ ಹಿಂದಕ್ಕೆ ತೆಗೆಯಬೇಕಿತ್ತು, ಯಾರೋ ಹಾರ್ನ್ ಮಾಡುತ್ತಿದ್ದರು. ಸಹನಾ ಅಂಗಡಿಯೊಳಗಿದ್ದಳು, ಕೀ ನನ್ನ ಕೈಯಲ್ಲಿತ್ತು, ನೀವು ಕೈ ಚಾಚಿದಿರಿ. ತೆಲುಗಿನ ವಾಡಿಕೆಯಲ್ಲಿ ಅಪ್ಪನನ್ನು 'ನಾನ್ನ' ಎನ್ನುವ ಅವಳು ಒಳಗಿನಿಂದಲೇ ಹೇಳಿದಳು, "ಮಾವಯ್ಯ, ನಾನ್ನಂಗೆ ಕೀ ಕೊಡ್ಬೇಡಿ, ಪ್ಲೀಸ್." ಜೋರಾಗೇನೂ ಅಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದು ಮಗುವಿಗೆ ಹೇಳುವಷ್ಟು ಸಹಜವಾಗಿ. ನೀವು ಚಾಚಿದ ಕೈಯನ್ನು ಹಾಗೇ ಜೇಬಿಗೆ ಹಾಕಿಕೊಂಡು ನಕ್ಕಿರಿ. ಅರವತ್ತು ದಾಟಿದ ಮನುಷ್ಯ, ಹತ್ತು ಅಡಿ. ಕಾರನ್ನು ನಾನು ಹಿಂದಕ್ಕೆ ತೆಗೆದೆ. ಎಲ್ಲರೂ ನಂಬಿ ಕೀ ಕೊಡುವುದು ನನಗೆ.

ಅವತ್ತಿನಿಂದ ನಿದ್ದೆ ಸರಿಯಿಲ್ಲ ಎಂದೆಲ್ಲ ಬರೆಯುವುದಿಲ್ಲ. ನಿದ್ದೆ ಇಷ್ಟು ವರ್ಷವೂ ಚೆನ್ನಾಗಿಯೇ ಬಂದಿದೆ. ಅದೇ ನಾಚಿಕೆ.

ಮೊನ್ನೆ ಇದನ್ನೆಲ್ಲ ನನ್ನ ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನಿಮ್ಮ ಭಾವಂಗೆ ಕಾಗದ ಹಾಕಿ ಕೈ ತೊಳ್ಕೊಬೇಡಿ. ಅವ್ರು ಓದಿ, ಮಡಚಿ ಇಟ್ಕೊಂಡು, ಯಾರ್ಗೂ ಹೇಳಲ್ಲ. ಅಕ್ಕನ ಮುಂದೆ ಹೋಗಿ ನಿಂತ್ಕೊಳ್ಳಿ" ಎಂದಳು. ಅವಳು ಹೇಳಿದ್ದು ಸರಿ. ನಿಮ್ಮ ಒಳ್ಳೆಯತನ ನನಗೆ ಇಷ್ಟು ವರ್ಷ ಅನುಕೂಲವಾಗಿ ಬಂತು, ಇನ್ನೊಂದು ಸಲ ಅದನ್ನು ಬಳಸಿಕೊಳ್ಳುವುದು ಬೇಡ. ಆದ್ದರಿಂದ ಈ ಹಾಳೆಗಳನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಬರುತ್ತಿದ್ದೇನೆ. ಅಕ್ಕ, ಸಹನಾ, ನೀವು ಮೂವರನ್ನೂ ಕೂರಿಸಿ ನಾನೇ ಗಟ್ಟಿಯಾಗಿ ಓದುತ್ತೇನೆ. ಬಾಯಿಮಾತಿಗೆ ಬಿಟ್ಟರೆ ನಡುವೆ ಎಲ್ಲಿಯೋ ಜಾರಿಕೊಳ್ಳುತ್ತೇನೆಂದು ಬರೆದು ತರುತ್ತಿದ್ದೇನೆ.

ಅಕ್ಕ ಬೈಯಬಹುದು. ಏನೂ ಮಾತಾಡದೆ ಒಳಗೆ ಎದ್ದುಹೋಗಬಹುದು. ಸಹನಾ ನನ್ನನ್ನು ಇನ್ನು ಮಾವಯ್ಯ ಎನ್ನದೆ ಇರಬಹುದು. ಬಾಗಿಲು ತೋರಿಸಿದರೂ ತೋರಿಸಬಹುದು. ಅದು ಅವರಿಗೆ ಬಿಟ್ಟದ್ದು. ನಿಮ್ಮನ್ನು ಕೇಳಿಕೊಳ್ಳುವುದು ಒಂದೇ, ಭಾವ. ನಾನು ಓದಿ ಮುಗಿಸಿದ ತಕ್ಷಣ ನೀವು "ಹೋಗ್ಲಿ ಬಿಡು, ಆಗಿದ್ದಾಯ್ತು" ಎನ್ನುತ್ತೀರಿ, ನನಗೆ ಗೊತ್ತು. ಹಾಗೆನ್ನಬೇಡಿ. ಅವರಿಬ್ಬರೂ ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ನನ್ನ ಪರವಾಗಿ ಒಂದು ಮಾತೂ ಆಡಬೇಡಿ.